ಬೆನ್ನಟ್ಟುವ ಇನಿಂಗ್ಸ್‌ನ ಲೆಕ್ಕ: ಬೇಕಾದ ರನ್‌ರೇಟ್ ಹೇಳದೆ ಬಿಡುವುದೇನು?

ಪ್ರಶ್ನೆ: ಏಕದಿನ ಮತ್ತು ಟಿ20 ಪಂದ್ಯಗಳ ವಿವರವನ್ನು ಎಸೆತ ಎಸೆತಕ್ಕೂ ಬರೆದಿಟ್ಟುಕೊಳ್ಳುವ ಹವ್ಯಾಸ ನನಗೆ ಹಲವು ವರ್ಷಗಳಿಂದ ಇದೆ. ಗುರಿ ಬೆನ್ನಟ್ಟುವ ತಂಡದ ಸ್ಥಿತಿಯನ್ನು ಅಳೆಯಲು ಬೇಕಾದ ರನ್‌ರೇಟ್ ಒಂದೇ ಸಾಕೆಂದು ಇದುವರೆಗೆ ನಂಬಿದ್ದೆ. ಈಗ ಟಿವಿ ಪರದೆಯ ಮೇಲೆ ಗೆಲುವಿನ ಸಾಧ್ಯತೆಯನ್ನೂ ತೋರಿಸುತ್ತಾರೆ. ಆದರೆ ಶೇ 80ರಷ್ಟು ಸಾಧ್ಯತೆ ಇದ್ದ ತಂಡಗಳೇ ಸೋಲುವುದನ್ನು ಕಂಡು ಆ ಅಂಕಿಗಳ ಮೇಲಿನ ವಿಶ್ವಾಸ ಹೋಗಿದೆ. ಚೇಸಿಂಗ್ ಅನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅಳೆಯುವ ಸರಿಯಾದ ಕ್ರಮ ಯಾವುದು? ಗೆದ್ದ ಚೇಸ್‌ಗಳಲ್ಲಿನ ಸರಾಸರಿಯನ್ನು ಹಿಡಿದು ಬ್ಯಾಟರ್‌ಗಳನ್ನು ಹೋಲಿಸಬಹುದೇ?

ಉತ್ತರ: ಮೊದಲು ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2011ರ ವಿಶ್ವಕಪ್‌ನಲ್ಲಿ, ಬೆಂಗಳೂರಿನಲ್ಲಿ, ಇಂಗ್ಲೆಂಡ್‌ನ 327 ರನ್ನುಗಳನ್ನು ಬೆನ್ನಟ್ಟಿದ ಐರ್ಲೆಂಡ್ 24.2 ಓವರ್‌ಗಳಲ್ಲಿ 111 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಉಳಿದ 154 ಎಸೆತಗಳಲ್ಲಿ 217 ರನ್ ಬೇಕಿತ್ತು, ಅಂದರೆ ಓವರಿಗೆ ಸುಮಾರು 8.45. 2023ರ ವಿಶ್ವಕಪ್‌ನಲ್ಲಿ, ಮುಂಬೈಯ ವಾಂಖೆಡೆಯಲ್ಲಿ, ಅಫ್ಗಾನಿಸ್ತಾನದ 291 ರನ್ನುಗಳನ್ನು ಬೆನ್ನಟ್ಟಿದ ಆಸ್ಟ್ರೇಲಿಯಾ 18.3 ಓವರ್‌ಗಳಲ್ಲಿ 91 ರನ್ನಿಗೆ 7 ವಿಕೆಟ್ ಕಳೆದುಕೊಂಡಿತ್ತು. ಉಳಿದ 189 ಎಸೆತಗಳಲ್ಲಿ 201 ರನ್ ಬೇಕಿತ್ತು, ಅಂದರೆ ಓವರಿಗೆ 6.4ಕ್ಕೂ ಕಡಿಮೆ. ಬೇಕಾದ ರನ್‌ರೇಟ್ ಒಂದನ್ನೇ ನಂಬುವುದಾದರೆ ಆಸ್ಟ್ರೇಲಿಯಾ ಐರ್ಲೆಂಡ್‌ಗಿಂತ ಎಷ್ಟೋ ಸುಖವಾಗಿತ್ತು ಎನ್ನಬೇಕಾಗುತ್ತದೆ. ಆ ಎರಡು ಸಂಜೆಗಳನ್ನು ಕಂಡ ಯಾರೂ ಹಾಗೆ ಹೇಳಲಾರರು. ಎರಡೂ ತಂಡಗಳು ಗೆದ್ದವು ಎಂಬುದು ಬೇರೆ ಮಾತು. ಕೆವಿನ್ ಒಬ್ರಿಯಾನ್ 63 ಎಸೆತಗಳಲ್ಲಿ 113 ಹೊಡೆದರು, ಗ್ಲೆನ್ ಮ್ಯಾಕ್ಸ್‌ವೆಲ್ 128 ಎಸೆತಗಳಲ್ಲಿ ಅಜೇಯ 201 ಹೊಡೆದರು. ಆದರೆ ಆ ಕ್ಷಣದಲ್ಲಿ ನಿಂತು ನೋಡಿದಾಗ ಯಾವುದು ಹೆಚ್ಚು ಕಷ್ಟದ ಸ್ಥಿತಿ ಎಂಬ ಪ್ರಶ್ನೆಗೆ ರನ್‌ರೇಟ್ ಕೊಡುವ ಉತ್ತರ ತಲೆಕೆಳಗಾಗಿದೆ.

ಕಾರಣ ಸರಳ. ಬೇಕಾದ ರನ್‌ರೇಟ್ ಎಂಬುದು ಉಳಿದ ರನ್ನುಗಳನ್ನು ಉಳಿದ ಓವರ್‌ಗಳಿಂದ ಭಾಗಿಸಿದ ಅಂಕಿ. ಅದರೊಳಗೆ ವಿಕೆಟ್‌ಗೆ ಜಾಗವೇ ಇಲ್ಲ. ಜೊತೆಗೆ ಆ ಭಾಗಾಕಾರದ ನಡೆಯೂ ಸಮವಲ್ಲ. 300 ರನ್ನಿನ ಗುರಿಗೆ ಆರಂಭದಲ್ಲಿ ಓವರಿಗೆ 6 ಬೇಕು. ತಂಡವು ಓವರಿಗೆ 4ರಂತೆ ಆಡುತ್ತಾ ಹೋದರೆ 10 ಓವರ್‌ಗಳ ನಂತರ ಬೇಕಾದದ್ದು 6.5, 20ರ ನಂತರ 7.33, 30ರ ನಂತರ 9, 40ರ ನಂತರ 14. ಆಟದ ವೇಗ ಒಂದೇ ಇದ್ದರೂ ಮೊದಲ ಹತ್ತು ಓವರ್‌ಗಳಲ್ಲಿ ಏರಿಕೆ ಅರ್ಧ ರನ್, ನಾಲ್ಕನೆಯ ಹತ್ತರಲ್ಲಿ ಏರಿಕೆ ಐದು ರನ್. ‘ರನ್‌ರೇಟ್ ಕೈಮೀರುತ್ತಿದೆ’ ಎಂದು ವೀಕ್ಷಕ ವಿವರಣೆಗಾರರು ಎಚ್ಚರಿಸುವ ಹೊತ್ತಿಗೆ ತಪ್ಪು ನಡೆದು ಇಪ್ಪತ್ತು ಓವರ್‌ಗಳಾಗಿರುತ್ತವೆ.

ವಿಕೆಟ್ ಮತ್ತು ಓವರ್ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಉಪಾಯವನ್ನು ಕ್ರಿಕೆಟ್‌ಗೆ ಕೊಟ್ಟವರು ಇಂಗ್ಲೆಂಡ್‌ನ ಫ್ರಾಂಕ್ ಡಕ್‌ವರ್ತ್ ಮತ್ತು ಟೋನಿ ಲೂಯಿಸ್. ಮಳೆಯ ನಿಯಮವೆಂದೇ ಹೆಸರಾದ ಅವರ ಪದ್ಧತಿ ಮೂಲತಃ ಚೇಸಿಂಗ್ ಅನ್ನು ಅರ್ಥ ಮಾಡಿಕೊಳ್ಳುವ ಒಂದು ಮಾದರಿ. ಅದರ ಹಿಂದಿರುವುದು 1992ರ ವಿಶ್ವಕಪ್ ಸೆಮಿಫೈನಲ್‌ನ ಕಹಿ. ಸಿಡ್ನಿಯಲ್ಲಿ 13 ಎಸೆತಗಳಲ್ಲಿ 22 ರನ್ ಬೇಕಿದ್ದ ದಕ್ಷಿಣ ಆಫ್ರಿಕಾ, ಮಳೆ ನಿಂತು ಮರಳಿದಾಗ ಒಂದು ಎಸೆತದಲ್ಲಿ 21 ರನ್ ಗಳಿಸಬೇಕಾಯಿತು. ಕಡಿತಗೊಂಡ ಎರಡು ಓವರ್‌ಗಳಿಗೆ ಬದಲಾಗಿ ಮೊದಲು ಆಡಿದ ಇಂಗ್ಲೆಂಡ್‌ನ ಅತಿ ಕಡಿಮೆ ರನ್ ಬಂದ ಎರಡು ಓವರ್‌ಗಳನ್ನು ತೆಗೆದುಹಾಕುವುದು ಅಂದಿನ ನಿಯಮವಾಗಿತ್ತು. ಚೆನ್ನಾಗಿ ಬೌಲಿಂಗ್ ಮಾಡಿದ್ದೇ ದಕ್ಷಿಣ ಆಫ್ರಿಕಾಕ್ಕೆ ಮುಳುವಾಯಿತು. ಡಕ್‌ವರ್ತ್–ಲೂಯಿಸ್ ಪದ್ಧತಿ 1997ರ ಜನವರಿ 1ರಂದು ಜಿಂಬಾಬ್ವೆ–ಇಂಗ್ಲೆಂಡ್ ಪಂದ್ಯದಲ್ಲಿ ಮೊದಲ ಬಾರಿಗೆ ಬಳಕೆಗೆ ಬಂತು. ಮುಂದೆ ಸ್ಟೀವನ್ ಸ್ಟರ್ನ್ ಅದರ ಹೊಣೆ ಹೊತ್ತು ಪರಿಷ್ಕರಿಸಿದ ಮೇಲೆ ಹೆಸರು ಡಕ್‌ವರ್ತ್–ಲೂಯಿಸ್–ಸ್ಟರ್ನ್ (ಡಿಎಲ್‌ಎಸ್) ಎಂದಾಯಿತು.

ಅವರ ಹಳೆಯ ಕೋಷ್ಟಕದಲ್ಲಿ 50 ಓವರ್ ಮತ್ತು 10 ವಿಕೆಟ್ ಕೈಯಲ್ಲಿದ್ದರೆ ತಂಡದ ಸಂಪನ್ಮೂಲ, ಅಂದರೆ ಮುಂದೆ ರನ್ ಗಳಿಸಲು ಉಳಿದಿರುವ ಶಕ್ತಿ, ಶೇ 100. 20 ಓವರ್ ಉಳಿದಿದ್ದು ಒಂದು ವಿಕೆಟ್ಟೂ ಬೀಳದಿದ್ದರೆ ಶೇ 56.6, ಐದು ಬಿದ್ದಿದ್ದರೆ ಶೇ 38.6, ಏಳು ಬಿದ್ದಿದ್ದರೆ ಶೇ 21.2. ಅದೇ 5 ಓವರ್ ಮಾತ್ರ ಉಳಿದಿರುವಾಗ ಒಂದೂ ಬೀಳದಿದ್ದರೆ ಶೇ 17.2, ಐದು ಬಿದ್ದಿದ್ದರೆ ಶೇ 15.4. ಈ ಅಂಕಿಗಳನ್ನು ನಿಧಾನವಾಗಿ ನೋಡಿ. ಇಪ್ಪತ್ತು ಓವರ್ ಉಳಿದಾಗ ಐದು ವಿಕೆಟ್‌ಗಳ ನಷ್ಟವೆಂದರೆ ಕೈಯಲ್ಲಿದ್ದುದರ ಮೂರನೆಯ ಒಂದು ಭಾಗ ಹೋದಂತೆ. ಐದು ಓವರ್ ಉಳಿದಾಗ ಅದೇ ಐದು ವಿಕೆಟ್‌ಗಳ ನಷ್ಟ ಹತ್ತರಲ್ಲಿ ಒಂದು ಭಾಗ ಮಾತ್ರ. ವಿಕೆಟ್‌ಗೆ ನಿಗದಿಯಾದ ಬೆಲೆ ಎಂಬುದಿಲ್ಲ, ಅದು ಓವರ್‌ಗಳೊಂದಿಗೆ ಕರಗುತ್ತದೆ. ಉಳಿಸಿಕೊಂಡ ವಿಕೆಟ್ ಮರುದಿನದ ಪಂದ್ಯಕ್ಕೆ ಬರುವುದಿಲ್ಲ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1975ರ ಮೊದಲ ವಿಶ್ವಕಪ್‌ನ ಮೊದಲ ದಿನವೇ ಸಾಕ್ಷಿ: ಇಂಗ್ಲೆಂಡ್ 60 ಓವರ್‌ಗಳಲ್ಲಿ 334 ಗಳಿಸಿತು, ಭಾರತ 60 ಓವರ್ ಪೂರ್ತಿ ಆಡಿ 3 ವಿಕೆಟ್‌ಗೆ 132ರಲ್ಲಿ ನಿಂತಿತು, ಸುನಿಲ್ ಗಾವಸ್ಕರ್ 174 ಎಸೆತಗಳಲ್ಲಿ ಅಜೇಯ 36.

ಈಗ ನಮ್ಮ ಎರಡು ಪಂದ್ಯಗಳಿಗೆ ಮರಳೋಣ. ಆ ಕೋಷ್ಟಕದಂತೆ ಐರ್ಲೆಂಡ್ ಬಳಿ ಉಳಿದಿದ್ದ ಸಂಪನ್ಮೂಲ ಸುಮಾರು ಶೇ 42, ಖರ್ಚಾದದ್ದು ಶೇ 58. ಇಂಗ್ಲೆಂಡ್‌ನ 327ರಲ್ಲಿ ಶೇ 58 ಎಂದರೆ 190ರ ಆಸುಪಾಸು. ಐರ್ಲೆಂಡ್ ಅಲ್ಲಿರಬೇಕಿತ್ತು, ಆದರೆ 111ರಲ್ಲಿತ್ತು, ಸುಮಾರು 80 ರನ್ ಹಿಂದೆ. ಆಸ್ಟ್ರೇಲಿಯಾ ಬಳಿ ಉಳಿದದ್ದು ಸುಮಾರು ಶೇ 22. ಖರ್ಚಾದ ಶೇ 78ಕ್ಕೆ 291ರ ಲೆಕ್ಕದಲ್ಲಿ 227 ರನ್ ಬಂದಿರಬೇಕಿತ್ತು. ಬಂದಿದ್ದದ್ದು 91. ಹಿನ್ನಡೆ 136 ರನ್. ಕಣ್ಣಿಗೆ ಕಂಡ ಕಷ್ಟಕ್ಕೂ ಲೆಕ್ಕಕ್ಕೂ ಈಗ ತಾಳೆಯಾಗುತ್ತದೆ. ನಿಮ್ಮ ಪುಸ್ತಕದಲ್ಲಿ ರನ್‌ರೇಟ್‌ನ ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದು ಪ್ರತಿ ಓವರ್ ಮುಗಿದಾಗ ಈ ಹಿನ್ನಡೆ ಅಥವಾ ಮುನ್ನಡೆಯನ್ನು ಬರೆಯತೊಡಗಿದರೆ ಅರ್ಧ ಕೆಲಸ ಆದಂತೆ.

ಅರ್ಧ ಮಾತ್ರ ಎನ್ನಲು ಕಾರಣವಿದೆ. ಹಿನ್ನಡೆ ರನ್ನುಗಳಲ್ಲಿದೆ, ಪಂದ್ಯದ ಫಲಿತಾಂಶ ಗೆಲುವು ಅಥವಾ ಸೋಲಿನಲ್ಲಿದೆ. ಹತ್ತು ರನ್ನಿನ ಹಿನ್ನಡೆಯನ್ನು ಹದಿನೈದನೆಯ ಓವರ್‌ನಲ್ಲಿ ಯಾರೂ ಲೆಕ್ಕಿಸುವುದಿಲ್ಲ, ನಲವತ್ತೊಂಬತ್ತನೆಯದರಲ್ಲಿ ಅದೇ ಸೋಲು. ರನ್ನಿನ ಭಾಷೆಯಿಂದ ಸಂಭವನೀಯತೆಯ ಭಾಷೆಗೆ ಹೋಗಲು ಲೆಕ್ಕವನ್ನು ಹಿಂದುಮುಂದಾಗಿ, ಅಂದರೆ ಕೊನೆಯ ಎಸೆತದಿಂದ ಹಿಂದಕ್ಕೆ ಮಾಡುತ್ತಾ ಬರಬೇಕು. ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಬ್ರೂಕರ್ ಮತ್ತು ಶೇಮಸ್ ಹೋಗನ್ ರೂಪಿಸಿದ, 2012ರಲ್ಲಿ ಅಲ್ಲಿನ ಟಿವಿ ಪ್ರಸಾರದಲ್ಲಿ ಕಾಣಿಸಿಕೊಂಡ ‘ವಾಸ್ಪ್’ ಎಂಬ ಮಾದರಿ ಇದೇ ದಾರಿಯದು.

ಇದನ್ನು ಕಾಗದದ ಮೇಲೆ ನೀವೇ ಮಾಡಬಹುದು. 2016ರ ಟಿ20 ವಿಶ್ವಕಪ್‌ನಲ್ಲಿ ಭಾರತದ ವಿರುದ್ಧ ಬಾಂಗ್ಲಾದೇಶಕ್ಕೆ ಕೊನೆಯ 3 ಎಸೆತಗಳಲ್ಲಿ 2 ರನ್ ಬೇಕಿತ್ತು. ಒಂದು ಎಸೆತದ ಫಲಿತಾಂಶಗಳಿಗೆ ಉದಾಹರಣೆಗೆಂದು ನಾನೇ ಇಟ್ಟುಕೊಂಡ ಅಂಕಿಗಳು ಹೀಗಿರಲಿ: ರನ್ ಬಾರದಿರುವುದು (ವಿಕೆಟ್ ಸೇರಿ) 0.36, ಒಂದು ರನ್ 0.38, ಎರಡು ಅಥವಾ ಅದಕ್ಕಿಂತ ಹೆಚ್ಚು 0.26. ಟೈ ಆದರೆ ಅದನ್ನು ಸೋಲೆಂದೇ ಎಣಿಸೋಣ. ಕೊನೆಯ ಎಸೆತದಲ್ಲಿ 1 ಬೇಕಿದ್ದರೆ ಗೆಲುವಿನ ಸಾಧ್ಯತೆ 0.64, 2 ಬೇಕಿದ್ದರೆ 0.26. ಒಂದು ಎಸೆತ ಹಿಂದಕ್ಕೆ ಬನ್ನಿ. 2 ಎಸೆತದಲ್ಲಿ 2 ಬೇಕಿದ್ದರೆ, ಮೊದಲನೆಯದು ವ್ಯರ್ಥವಾಗಿ ಎರಡನೆಯದರಲ್ಲಿ ಗೆಲ್ಲುವುದು 0.36ರ 0.26 ಪಟ್ಟು, ಒಂದೊಂದಾಗಿ ಗೆಲ್ಲುವುದು 0.38ರ 0.64 ಪಟ್ಟು, ನೇರವಾಗಿ ಗೆಲ್ಲುವುದು 0.26, ಕೂಡಿದರೆ ಸುಮಾರು 0.60. ಎರಡು ಎಸೆತದಲ್ಲಿ 1 ಬೇಕಿದ್ದರೆ 0.87. ಇನ್ನೂ ಒಂದು ಎಸೆತ ಹಿಂದಕ್ಕೆ ಬಂದರೆ, ಮೂರರಲ್ಲಿ 2 ಬೇಕಿರುವಾಗ ಗೆಲುವಿನ ಸಾಧ್ಯತೆ ಸುಮಾರು 0.81. ನೀವು ಪ್ರಶ್ನೆಯಲ್ಲಿ ಹೇಳಿದ ಶೇ 80 ಇಲ್ಲೇ ಸಿಕ್ಕಿತು! ಆ ದಿನ ನಡೆದದ್ದೇನು? ಮೂರು ಎಸೆತ, ಮೂರು ವಿಕೆಟ್, ಒಂದೂ ರನ್ ಇಲ್ಲ. ಭಾರತಕ್ಕೆ 1 ರನ್ ಜಯ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಮ್ಮ ಮಾದರಿಯಲ್ಲಿ ಮೂರೂ ಎಸೆತಗಳು ರನ್ ಇಲ್ಲದೆ ಹೋಗುವ ಸಾಧ್ಯತೆ 0.36ರ ಘನ, ಶೇ 5ಕ್ಕೂ ಕಡಿಮೆ. ಆದರೆ ಇಲ್ಲಿ ಮಾದರಿಯ ದೊಡ್ಡ ದೌರ್ಬಲ್ಯ ಕಾಣಿಸಿಕೊಳ್ಳುತ್ತದೆ. ಅದು ಪ್ರತಿ ಎಸೆತವನ್ನೂ ನಾಣ್ಯ ಚಿಮ್ಮಿದಂತೆ ಸ್ವತಂತ್ರವೆಂದು ಭಾವಿಸಿದೆ, ಮೈದಾನದಲ್ಲಿರುವವರು ನಾಣ್ಯಗಳಲ್ಲ. ಆ ಓವರ್‌ನ ಮೊದಲ ಎರಡು ವಿಕೆಟ್‌ಗಳು ಬಿದ್ದದ್ದು ಒಂದೇ ಹೊಡೆತದಲ್ಲಿ ಪಂದ್ಯ ಮುಗಿಸಲು ಹೊರಟು ಡೀಪ್ ಮಿಡ್‌ವಿಕೆಟ್‌ಗೆ ಕ್ಯಾಚ್ ಕೊಟ್ಟದ್ದರಿಂದ. ಅಂಕಿಗಳನ್ನು ಸ್ವಲ್ಪ ಬದಲಿಸಿ ನೋಡಿ. ಚೆಂಡನ್ನು ನೆಲಕ್ಕೆ ತಳ್ಳಿ ಓಡುವುದಷ್ಟೇ ಉದ್ದೇಶವಾಗಿ, ರನ್ ಬಾರದಿರುವುದು 0.20, ಒಂದು ರನ್ 0.70, ಎರಡು 0.10 ಎಂದಿಟ್ಟುಕೊಂಡರೆ ಅದೇ 3 ಎಸೆತ, 2 ರನ್ನಿನ ಸ್ಥಿತಿಯಲ್ಲಿ ಗೆಲುವಿನ ಸಾಧ್ಯತೆ 0.91ಕ್ಕೆ ಏರುತ್ತದೆ. ಎದುರಾಳಿ ನಾಯಕ ಫೀಲ್ಡರ್‌ಗಳನ್ನು ಒಳಗೆ ಕರೆದು ಸಿಂಗಲ್ ತಡೆಯಬಹುದು, ಆಗ ಈ 0.70 ಉಳಿಯುವುದಿಲ್ಲ ಎಂಬುದು ನಿಜ. ಆದರೂ ಲೆಕ್ಕದ ಪ್ರಯೋಜನ ಇರುವುದೇ ಇಲ್ಲಿ: ಯಾವ ಹೊಡೆತ ಎಷ್ಟು ರನ್ ತರುತ್ತದೆ ಎಂಬುದನ್ನು ಬಿಟ್ಟು, ಯಾವ ಹೊಡೆತದ ನಂತರ ತಂಡ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಕೇಳುವುದು. ಕೊನೆಯ ಎಸೆತಕ್ಕೆ 3 ಬೇಕಿದ್ದರೂ 4 ಬೇಕಿದ್ದರೂ ಬ್ಯಾಟರ್‌ಗೆ ಬಹುತೇಕ ಒಂದೇ, ಏಕೆಂದರೆ ಮೂರು ಓಡುವುದು ಅಪರೂಪ. ಆದ್ದರಿಂದ 2 ಎಸೆತಗಳಲ್ಲಿ 4 ಬೇಕಿರುವಾಗ ಗಳಿಸಿದ ಒಂದು ರನ್, ಟೈ ಆಗುವ ಆಸೆಯನ್ನು ಬಿಟ್ಟರೆ, ರನ್ ಬಾರದ ಎಸೆತಕ್ಕಿಂತ ಹೆಚ್ಚಿನದೇನನ್ನೂ ಕೊಡುವುದಿಲ್ಲ. ಸ್ಕೋರ್‌ಬೋರ್ಡ್ ಮಾತ್ರ ಅದನ್ನು ಪೂರ್ತಿ ಒಂದು ರನ್ ಎಂದೇ ಬರೆದುಕೊಳ್ಳುತ್ತದೆ.

ಇನ್ನು ನಿಮ್ಮ ಅಸಮಾಧಾನದ ವಿಷಯ. ಶೇ 80 ಎಂದ ಮಾದರಿ, ಆ ತಂಡ ಸೋತ ಮಾತ್ರಕ್ಕೆ ತಪ್ಪಾಗುವುದಿಲ್ಲ. ಶೇ 80 ಎಂದ ಪಂದ್ಯಗಳೆಲ್ಲ ಗೆಲುವಿನಲ್ಲಿ ಮುಗಿಯತೊಡಗಿದರೆ ಅದೇ ಮಾದರಿ ಕೆಟ್ಟಿದೆ ಎಂಬುದರ ಗುರುತು, ಏಕೆಂದರೆ ಐದರಲ್ಲಿ ಒಂದು ಸೋಲಲೇಬೇಕು. ಪರೀಕ್ಷೆ ನಡೆಯಬೇಕಾದದ್ದು ಗುಂಪಿನ ಮೇಲೆ. ಮಾದರಿಯು ಶೇ 80ರ ಆಸುಪಾಸು ಎಂದು ಹೇಳಿದ ಪಂದ್ಯಗಳನ್ನೆಲ್ಲ ಒಟ್ಟಿಗೆ ಹಾಕಿ ಎಷ್ಟು ಗೆದ್ದವೆಂದು ಎಣಿಸಿ. ಅದಕ್ಕೂ ತಾಳ್ಮೆ ಬೇಕು. ಅಂಥ 25 ಪಂದ್ಯಗಳಲ್ಲಿ ಗೆಲುವು 16 ಇದ್ದರೂ 24 ಇದ್ದರೂ ಅದು ಕೇವಲ ಆಕಸ್ಮಿಕದ ಮಿತಿಯೊಳಗೇ ಬರುತ್ತದೆ. 100 ಪಂದ್ಯಗಳಾದರೆ ಆ ಮಿತಿ ಸುಮಾರು 72ರಿಂದ 88ಕ್ಕೆ ಕಿರಿದಾಗುತ್ತದೆ. ಇಲ್ಲಿ ಎಣಿಸಬೇಕಾದದ್ದು ಪಂದ್ಯಗಳನ್ನೇ ಹೊರತು ಎಸೆತಗಳನ್ನಲ್ಲ. ಒಂದು ಚೇಸ್‌ನ ಮುನ್ನೂರು ಎಸೆತಗಳಿಗೂ ಫಲಿತಾಂಶ ಒಂದೇ ಇರುವುದರಿಂದ, ಲಕ್ಷ ಎಸೆತಗಳ ದತ್ತಾಂಶವಿದೆ ಎಂದು ಬೀಗುವವರ ಕೈಯಲ್ಲಿ ವಾಸ್ತವವಾಗಿ ಇರುವುದು ಕೆಲವು ನೂರು ಪಂದ್ಯಗಳು ಮಾತ್ರ.

ಮಾದರಿ ನಿಜವಾಗಿಯೂ ಎಡವುವ ಜಾಗ ಬೇರೆ. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಭಾರತದ 176ನ್ನು ಬೆನ್ನಟ್ಟಿದ ದಕ್ಷಿಣ ಆಫ್ರಿಕಾಕ್ಕೆ 15 ಓವರ್‌ಗಳು ಮುಗಿದಾಗ 30 ಎಸೆತಗಳಲ್ಲಿ 30 ರನ್ ಬೇಕಿತ್ತು, ಆರು ವಿಕೆಟ್ ಕೈಯಲ್ಲಿತ್ತು, ಬ್ಯಾಟರ್ ಹೈನ್ರಿಕ್ ಕ್ಲಾಸೆನ್ ಅಬ್ಬರಿಸುತ್ತಿದ್ದರು. ರನ್, ಎಸೆತ, ವಿಕೆಟ್ ಈ ಮೂರನ್ನು ಮಾತ್ರ ಬಲ್ಲ ಮಾದರಿಗೆ ಅದು ಹೆಚ್ಚುಕಡಿಮೆ ಮುಗಿದ ಪಂದ್ಯ. ಆದರೆ ಜಸ್‌ಪ್ರೀತ್ ಬುಮ್ರಾ ಅವರ ಎರಡು ಓವರ್‌ಗಳು ಇನ್ನೂ ಉಳಿದಿದ್ದವು. 16ನೆಯ ಓವರ್‌ನಲ್ಲಿ ಅವರು ಕೊಟ್ಟದ್ದು 4 ರನ್. 17ನೆಯದರ ಮೊದಲ ಎಸೆತದಲ್ಲೇ ಹಾರ್ದಿಕ್ ಪಾಂಡ್ಯ ಎಸೆತಕ್ಕೆ ಕ್ಲಾಸೆನ್ ಔಟ್. 18ನೆಯದರಲ್ಲಿ ಬುಮ್ರಾ 2 ರನ್ ಕೊಟ್ಟು ಒಂದು ವಿಕೆಟ್ ಪಡೆದರು. ಕೊನೆಯ ಓವರ್‌ಗೆ 16 ಬೇಕಾಗಿ ಬಂತು, ಭಾರತ 7 ರನ್ನಿನಿಂದ ಗೆದ್ದಿತು. ಉಳಿದ ಓವರ್‌ಗಳನ್ನು ಯಾರು ಹಾಕುತ್ತಾರೆ, ಇನ್ನೂ ಆಡಬೇಕಾದವರು ಯಾರು ಎಂಬುದನ್ನು ಸೇರಿಸದ ಮಾದರಿಯು ಹೇಳುವ ಶೇಕಡಾವಾರು ಎರಡು ಸರಾಸರಿ ತಂಡಗಳ ನಡುವಿನದು. ನಿಮ್ಮ ಎದುರು ಆಡುತ್ತಿರುವ ತಂಡಗಳದ್ದಲ್ಲ. ಪರದೆಯ ಅಂಕಿಯನ್ನು ಈ ತಿದ್ದುಪಡಿಯೊಂದಿಗೆ ಓದಿದರೆ ಅದರ ಮೇಲೆ ಕೋಪ ಬರಲು ಕಾರಣವಿರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು, ಏಕೆಂದರೆ ಬಲ್ಲವರೂ ತಪ್ಪುವುದು ಇಲ್ಲಿಯೇ. ಒಬ್ಬ ಬ್ಯಾಟರ್ ಹತ್ತು ಚೇಸ್‌ಗಳಲ್ಲಿ ಆಡಿದ್ದಾನೆ ಎಂದಿಟ್ಟುಕೊಳ್ಳಿ. ಗೆದ್ದ ಐದರಲ್ಲಿ ಅವನ ರನ್ ಅಜೇಯ 60, ಅಜೇಯ 45, 30, ಅಜೇಯ 70, 55. ಸೋತ ಐದರಲ್ಲಿ 10, 4, 22, 35, 9. ‘ಗೆದ್ದ ಚೇಸ್‌ಗಳಲ್ಲಿ ಸರಾಸರಿ 130’ ಎಂದು ಘೋಷಿಸಬಹುದು, ಅದು ಸುಳ್ಳಲ್ಲ: ಸರಾಸರಿಗೆ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುತ್ತಾರೆ, ಇಲ್ಲಿ 260 ರನ್ನಿಗೆ ಅವನು ಔಟಾದದ್ದು ಎರಡೇ ಸಲ. ಆದರೆ ಹತ್ತೂ ಇನಿಂಗ್ಸ್ ಸೇರಿದರೆ ಸರಾಸರಿ 49ಕ್ಕಿಂತ ಕಡಿಮೆ. ಅವನು ಚೆನ್ನಾಗಿ ಆಡಿದ ದಿನ ತಂಡ ಗೆಲ್ಲುವ ಸಂಭವ ಹೆಚ್ಚು. ಗೆದ್ದ ದಿನಗಳನ್ನಷ್ಟೇ ಆರಿಸಿಕೊಂಡರೆ ಅವನು ಚೆನ್ನಾಗಿ ಆಡಿದ ದಿನಗಳನ್ನೇ ಆರಿಸಿಕೊಂಡಂತಾಯಿತು. ಫಲಿತಾಂಶವನ್ನು ನೋಡಿಕೊಂಡು ಜರಡಿ ಹಿಡಿದ ಮೇಲೆ ಆ ಫಲಿತಾಂಶಕ್ಕೆ ಕಾರಣವನ್ನು ಅದೇ ಜರಡಿಯಲ್ಲಿ ಹುಡುಕಬಾರದು. ಹೋಲಿಸಲೇಬೇಕಿದ್ದರೆ, ಅವನು ಕ್ರೀಸಿಗೆ ಬಂದಾಗ ತಂಡದ ಗೆಲುವಿನ ಸಾಧ್ಯತೆ ಎಷ್ಟಿತ್ತು, ಹೋದಾಗ ಎಷ್ಟಾಗಿತ್ತು ಎಂಬ ವ್ಯತ್ಯಾಸವನ್ನು ಗೆದ್ದದ್ದು ಸೋತದ್ದು ಎನ್ನದೆ ಎಲ್ಲ ಚೇಸ್‌ಗಳಲ್ಲೂ ಕೂಡಿಸಿ. ಅಫ್ಗಾನಿಸ್ತಾನದ ವಿರುದ್ಧ ಪ್ಯಾಟ್ ಕಮಿನ್ಸ್ 68 ಎಸೆತಗಳಲ್ಲಿ ಗಳಿಸಿದ ಅಜೇಯ 12, ಸರಾಸರಿಯ ಕೋಷ್ಟಕದಲ್ಲಿ ಲೆಕ್ಕಕ್ಕೇ ಬಾರದ ಆಟ. 202 ರನ್ನಿನ ಮುರಿಯದ ಜೊತೆಯಾಟದ ಇನ್ನೊಂದು ತುದಿ ಅದು ಎಂಬುದು ಈ ಲೆಕ್ಕದಲ್ಲಿ ಮಾತ್ರ ಗೋಚರಿಸುತ್ತದೆ.

ಇದರ ಸೋದರ ತಪ್ಪೊಂದಿದೆ. ‘ಈ ಮೈದಾನದಲ್ಲಿ ಎರಡನೇ ಇನಿಂಗ್ಸ್‌ನ ಸರಾಸರಿ ಮೊತ್ತ ಕಡಿಮೆ, ಆದ್ದರಿಂದ ಚೇಸಿಂಗ್ ಕಷ್ಟ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಚೇಸ್ ಗುರಿ ಮುಟ್ಟಿದೊಡನೆ ನಿಲ್ಲುತ್ತದೆ. 180 ರನ್ನುಗಳನ್ನು ಬೆನ್ನಟ್ಟಿದ ತಂಡ 32 ಓವರ್‌ಗಳಲ್ಲಿ 3 ವಿಕೆಟ್‌ಗೆ 181 ಗಳಿಸಿದರೆ ಪುಸ್ತಕಕ್ಕೆ ಹೋಗುವುದು 181 ಮಾತ್ರ, ಆಡಲು ಬಿಟ್ಟಿದ್ದರೆ 280 ಆಗಿರಬಹುದಿತ್ತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಅರ್ಧಕ್ಕೆ ಕತ್ತರಿಸಿದ ಇಂಥ ಅಳತೆಗಳನ್ನು ಪೂರ್ಣ ಅಳತೆಗಳೊಂದಿಗೆ ಕೂಡಿಸಿ ಸರಾಸರಿ ತೆಗೆದರೆ ಸುಲಭವಾಗಿ ಗೆದ್ದ ಮೈದಾನವೂ ಕಷ್ಟದ ಮೈದಾನವಾಗಿ ಕಾಣುತ್ತದೆ. ಗೆಲುವಿನ ಅಂತರವನ್ನು ವಿಕೆಟ್‌ಗಳಲ್ಲಿ ಹೇಳುವ ರೂಢಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ: ಒಂದು ಎಸೆತ ಬಾಕಿ ಇರುವಾಗ ಆರು ವಿಕೆಟ್‌ಗಳ ಜಯ, ಹತ್ತು ಓವರ್ ಬಾಕಿ ಇರುವಾಗ ಎರಡು ವಿಕೆಟ್‌ಗಳ ಜಯಕ್ಕಿಂತ ದೊಡ್ಡದೆಂದು ನಾನು ಒಪ್ಪಲಾರೆ. 2006ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾದ 434ಕ್ಕೆ ಉತ್ತರವಾಗಿ ದಕ್ಷಿಣ ಆಫ್ರಿಕಾ 9 ವಿಕೆಟ್‌ಗೆ 438 ಗಳಿಸಿದಾಗ ಉಳಿದದ್ದು ಒಂದೇ ವಿಕೆಟ್, ಒಂದೇ ಎಸೆತ. ಎರಡು ಅಳತೆಗಳೂ ಒಂದೇ ಮಾತನ್ನಾಡುವುದು ಅಂಥ ಪಂದ್ಯದಲ್ಲಿ ಮಾತ್ರ.

ನೀವು ಹಳೆಯ ಪುಸ್ತಕಗಳನ್ನೂ ಬಳಸುವುದಾದರೆ ಕಾಲಗಳನ್ನು ಬೆರೆಸಬೇಡಿ. ಏಕದಿನ ಪಂದ್ಯಗಳಲ್ಲಿ 2011ರ ಅಕ್ಟೋಬರ್‌ನಿಂದ ಎರಡು ತುದಿಗಳಿಗೂ ಒಂದೊಂದು ಹೊಸ ಚೆಂಡು ಬಂದಿತು. 2025ರ ಜುಲೈನಿಂದ 34 ಓವರ್‌ಗಳ ನಂತರ ಮತ್ತೆ ಒಂದೇ ಚೆಂಡು. ಚೆಂಡಿನ ವಯಸ್ಸು ಬದಲಾದರೆ ಕೊನೆಯ ಹದಿನೈದು ಓವರ್‌ಗಳ ಸ್ವಭಾವವೇ ಬದಲಾಗುತ್ತದೆ. ರಾತ್ರಿಯ ಪಂದ್ಯಗಳಲ್ಲಿ ಇಬ್ಬನಿ ಬೀಳುವ ಕಡೆ ಟಾಸ್ ಗೆದ್ದವರು ಚೇಸಿಂಗ್ ಆರಿಸಿಕೊಳ್ಳುತ್ತಾರೆ. ಅಲ್ಲಿ ಗೆಲುವಿನ ಶ್ರೇಯಸ್ಸು ಬ್ಯಾಟರ್‌ಗೆ ಎಷ್ಟು, ಒದ್ದೆ ಚೆಂಡಿಗೆ ಎಷ್ಟು ಎಂದು ಬೇರ್ಪಡಿಸಲು ಹಗಲು ಪಂದ್ಯಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕೈಯಾರೆ ಮಾಡುವ ಕ್ರಮ. ಪ್ರತಿ ಚೇಸ್‌ನ ಪ್ರತಿ ಓವರ್ ಮುಗಿದಾಗಿನ ಸ್ಥಿತಿಯನ್ನು ಒಂದು ಸಾಲಾಗಿ ಬರೆಯಿರಿ: ಬೇಕಾದ ರನ್, ಉಳಿದ ಎಸೆತ, ಬಿದ್ದ ವಿಕೆಟ್, ಕೊನೆಗೆ ಗೆಲುವೋ ಸೋಲೋ. ಗೆಲುವು–ಸೋಲಿನಂಥ ಎರಡೇ ಫಲಿತಾಂಶಗಳಿರುವಲ್ಲಿ ಬಳಸುವುದು ಲಾಜಿಸ್ಟಿಕ್ ರಿಗ್ರೆಷನ್, ಅಂದರೆ ಈ ಅಂಕಿಗಳಿಂದ ಗೆಲುವಿನ ಸಾಧ್ಯತೆಯನ್ನು ಅಂದಾಜಿಸುವ ಸಮೀಕರಣ. ಯಾವುದೇ ಸಾಧಾರಣ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ. ವಿಕೆಟ್‌ನ ಬೆಲೆ ಓವರ್‌ಗಳೊಂದಿಗೆ ಬದಲಾಗುವುದನ್ನು ಮೇಲೆ ಕಂಡೆವಲ್ಲ, ಆದ್ದರಿಂದ ಇಡೀ ಇನಿಂಗ್ಸ್‌ಗೆ ಒಂದೇ ಸಮೀಕರಣ ಹಾಕಬೇಡಿ. ಹತ್ತು ಹತ್ತು ಓವರ್‌ಗಳ ಹಂತಗಳಿಗೆ ಬೇರೆ ಬೇರೆ ಸಮೀಕರಣ ಹಾಕಿ. ಮೂರರಲ್ಲಿ ಒಂದು ಭಾಗದಷ್ಟು ಪಂದ್ಯಗಳನ್ನು ಮೊದಲೇ ಎತ್ತಿಟ್ಟು, ಸಮೀಕರಣ ಸಿದ್ಧವಾದ ಮೇಲೆ ಅವುಗಳ ಮೇಲೆ ಮಾತ್ರ ಪರೀಕ್ಷಿಸಿ. ಅಂಕ ಕೊಡುವ ಬಗೆ ಸುಲಭ: ಹೇಳಿದ ಸಾಧ್ಯತೆ ಮತ್ತು ನಡೆದದ್ದರ (ಗೆಲುವಿಗೆ 1, ಸೋಲಿಗೆ 0) ನಡುವಿನ ವ್ಯತ್ಯಾಸದ ವರ್ಗ. 0.80 ಎಂದು ಹೇಳಿ ತಂಡ ಗೆದ್ದರೆ ದಂಡ 0.04, ಸೋತರೆ 0.64. ಏನನ್ನೂ ಯೋಚಿಸದೆ ಎಲ್ಲಕ್ಕೂ 0.50 ಎನ್ನುವವನಿಗೆ ಪ್ರತಿ ಬಾರಿಯೂ 0.25. ಹಂತ ಹಂತಕ್ಕೂ ನಿಮ್ಮ ಸರಾಸರಿ ದಂಡವನ್ನು ಈ 0.25ರ ಪಕ್ಕದಲ್ಲಿ ಬರೆಯಿರಿ. ಮೊದಲ ಹತ್ತು ಓವರ್‌ಗಳ ಹಂತದಲ್ಲಿ ನೀವು ಅವನಿಗಿಂತ ಸ್ವಲ್ಪವೇ ಮುಂದಿದ್ದರೆ ಗಾಬರಿಯಾಗಬೇಡಿ. ಆ ಹೊತ್ತಿಗೆ ಪಂದ್ಯವೇ ಇನ್ನೂ ತೀರ್ಮಾನವಾಗಿರುವುದಿಲ್ಲ.